ಎಡದ ತುದಿ ಬಲದ ಮೇಲೆ

ಥಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಬೆಳಗಿನ ಹೊತ್ತು ನಿಲ್ಲಬಾರದು ಎಂಬುದು ಈ ಕಡೆ ಹುಟ್ಟಿದ ಮಕ್ಕಳಿಗೆ ನಡೆಯಲು ಬರುವ ಮೊದಲೇ ಗೊತ್ತಿರುತ್ತದೆ. ಆದರೂ ಹೋದ ವಾರ ನಾನು ನಿಂತೆ. ಶೂ ಲೇಸು ಬಿಚ್ಚಿಕೊಂಡಿತ್ತು. ಹಿಂದಿದ್ದ ಹೆಂಗಸು ತನ್ನ ಊಟದ ಡಬ್ಬಿಯನ್ನು ನನ್ನ ಬೆನ್ನಿಗೆ ಒತ್ತಿ, "ಅಗಂ, ಬಾಜೂಲಾ ಹೋ ನಾ. ಇಥೇ ಕಾಯ್ ಪೂಜಾ ಕರ್ತೇಸ್?" ಎಂದಳು, ಪಕ್ಕಕ್ಕೆ ಸರಿ, ಇಲ್ಲೇನು ಪೂಜೆ ಮಾಡುತ್ತೀಯಾ ಎಂದು. ಪೂಜೆಯೇ ಆಗಿದ್ದರೆ ಒಂದಿಷ್ಟು ಪುಣ್ಯವಾದರೂ ಬರುತ್ತಿತ್ತು. ಕಂಬಿಗೆ ಒರಗಿ ಲೇಸು ಕಟ್ಟಿ ತಲೆಯೆತ್ತುವಷ್ಟರಲ್ಲಿ ಪನ್ವೇಲ್ ಗಾಡಿ ಹೊರಟುಹೋಗಿತ್ತು. ಸೀವುಡ್ಸಿನ ನನ್ನ ಆಫೀಸಿಗೆ ಅಂದು ತಡ.

ನಾನು ದಿನಚರಿ ಬರೆಯುವವಳು. ಎಣಿಸಲು ಸಿಕ್ಕಿದ್ದನ್ನು ಎಣಿಸದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಗಾಡಿ ಎಷ್ಟು ತಡವಾಯಿತು, ಕೊಡೆ ಎಂದು ಮರೆತೆ, ಕೂರಲು ಎಂದು ಜಾಗ ಸಿಕ್ಕಿತು ಎಲ್ಲಕ್ಕೂ ನನ್ನಲ್ಲಿ ತಾರೀಕು ಉಂಟು. ಜಾಗ ಸಿಕ್ಕಿದ ಪುಟ ಮಾತ್ರ ಹೆಚ್ಚಾಗಿ ಖಾಲಿ. ನನ್ನ ತಮ್ಮ ಇದನ್ನು ಕಾಯಿಲೆ ಎನ್ನುತ್ತಾನೆ. "ಅಕ್ಕಾ, ತೂ ಜನಗಣನಾ ಮೇ ನೌಕರೀ ಕರ್ ಲೇ" ಎನ್ನುತ್ತಾನೆ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅವನ ಮಾತನ್ನು ನೀವು ನಂಬಬೇಡಿ. ಎಣಿಸುವವರಿಗೆ ಒಂದು ಸಮಾಧಾನವಿರುತ್ತದೆ. ಸಂಖ್ಯೆ ಏರುತ್ತಿದ್ದರೆ ಏನೋ ಆಗುತ್ತಿದೆ ಎಂಬ ಸಮಾಧಾನ. ಅದು ಸುಳ್ಳು ಎಂದು ತಿಳಿಯಲು ನನಗೆ ಕಳೆದ ಮಳೆಗಾಲ ಬೇಕಾಯಿತು.

ಲೇಸು ಬಿಚ್ಚಿಕೊಳ್ಳುವುದು ನನ್ನ ಮಟ್ಟಿಗೆ ಹೊಸ ಸುದ್ದಿಯಲ್ಲ. ಡೊಂಬಿವಲಿಯ ಶಾಲೆಯಲ್ಲಿ ಒಂದನೇ ತರಗತಿಯಿಂದ ಬೆಳಗಿನ ಪ್ರಾರ್ಥನೆಗೆ ನಾನು ಒಂದು ಲೇಸು ನೆಲದಲ್ಲಿ ಎಳೆದುಕೊಂಡೇ ಬರುತ್ತಿದ್ದೆ. ಅಪ್ಪ ಕಟ್ಟಿದ ದಿನ ಸಂಜೆಯವರೆಗೂ ನಿಲ್ಲುತ್ತಿತ್ತು. ನಾನು ಕಟ್ಟಿದ್ದು ಬಿಲ್ಡಿಂಗಿನ ಗೇಟಿನವರೆಗೆ. ಕಲಿಸಿದವರು ಅಪ್ಪನೇ. ಆದರೆ ಕಲಿಸುವಾಗ ಅಜ್ಜಿ ಪಕ್ಕದ ಕುರ್ಚಿಯಲ್ಲಿದ್ದರು.

ಅಜ್ಜಿಯ ಲೋಕದಲ್ಲಿ ಬಲ ಮತ್ತು ಎಡ ಒಟ್ಟಿಗೆ ಹುಟ್ಟಿದ ಮಕ್ಕಳಾಗಿರಲಿಲ್ಲ. ಬಲ ಹಿರಿಯ. ತೀರ್ಥಕ್ಕೆ ಬಲಗೈ ಮೇಲೆ, ಎಡಗೈ ಕೆಳಗೆ. ಹೊಸ ಮನೆಗೆ ಬಲಗಾಲು ಮೊದಲು. ಎಡಗೈಯಲ್ಲಿ ಏನನ್ನಾದರೂ ನೀಡಿದರೆ ಅಜ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ವಸ್ತು ಕೈ ಬದಲಾಯಿಸುವವರೆಗೆ ಗೋಡೆ ನೋಡುತ್ತಿದ್ದರು. ಅಪ್ಪ ನನ್ನ ಲೇಸಿನ ಎರಡು ತುದಿಗಳನ್ನು ಅಡ್ಡ ಹಾಯಿಸಿ ತೋರಿಸುವಾಗ ಅವರು, "ಬಲದ್ದು ಮೇಲೆ ಇರ್ಲಿ ಮಗಾ" ಎಂದರು. ಮೊದಲ ಸಲ ಬಲದ್ದು ಮೇಲೆ. ಎರಡನೆಯ ಸಲ ತುದಿಗಳನ್ನು ಹಾಯಿಸುವಾಗಲೂ, "ಬಲದ್ದು ಮೇಲೆ." ನಾನು ವಿಧೇಯ ಮಗು. ಅಲ್ಲಿಂದ ಮುಂದೆ ನನ್ನ ಜೀವನದ ಎಲ್ಲ ಗಂಟುಗಳಲ್ಲೂ ಬಲವೇ ಎರಡು ಸಲ ಮೇಲೆ ಹತ್ತಿತು. ಹಾಗೆ ಕಟ್ಟಿದ ಗಂಟು ನೋಡಲು ಗಂಟಿನ ಹಾಗೆಯೇ ಇರುತ್ತದೆ. ಎಳೆದರೆ ಜಾರುತ್ತದೆ. ಇಂಗ್ಲಿಷಿನವರು ಅದನ್ನು ಅಜ್ಜಿಯ ಗಂಟು ಎಂದು ಕರೆಯುತ್ತಾರಂತೆ. ಯಾಕೆಂದು ನಾನು ಹುಡುಕಲು ಹೋಗಲಿಲ್ಲ.

ಅಪ್ಪನ ಕೆಲಸವೇ ಗಂಟು ಹಾಕುವುದು. ಥಾಣೆಯ ನೌಪಾಡಾದಲ್ಲಿ ನನ್ನ ಸೋದರಮಾವನ ಹೋಟೆಲು ಉಂಟು. ಉಡುಪಿಯ ಕಡೆಯ ಎಲ್ಲ ಹೋಟೆಲುಗಳ ಹಾಗೆ ಮುಂದೆ ಕ್ಯಾಶು, ಪಕ್ಕದಲ್ಲಿ ಪಾರ್ಸಲ್ ಕೌಂಟರು. ಕ್ಯಾಶಿನಲ್ಲಿ ಮಾವ, ಪಾರ್ಸಲಿನಲ್ಲಿ ಅಪ್ಪ. ಅಪ್ಪನ ತಲೆಯ ಮೇಲೆ ಒಂದು ತಗಡಿನ ಡಬ್ಬ ತೂಗುತ್ತಿತ್ತು. ಅದರೊಳಗೆ ಬಿಳಿ ದಾರದ ಉಂಡೆ. ತಳದ ತೂತಿನಿಂದ ದಾರ ಕೆಳಗಿಳಿಯುತ್ತಿತ್ತು. ಇಡ್ಲಿಯನ್ನು ಬಾಳೆಲೆಯಲ್ಲಿಟ್ಟು, ಮೇಲೆ ಪೇಪರು ಸುತ್ತಿ, ದಾರವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಾಯಿಸಿ, ಗಂಟು ಹಾಕಿ, ಬೆರಳಿಗೆ ಸುತ್ತಿ ಪಟ್ಟನೆ ತುಂಡರಿಸುತ್ತಿದ್ದರು. ಇಷ್ಟೂ ಆಗುವಾಗ ಅವರ ಕಣ್ಣು ಮುಂದಿನ ಗಿರಾಕಿಯ ಮೇಲಿರುತ್ತಿತ್ತು.

ಶಾಲೆಗೆ ರಜೆ ಇದ್ದಾಗ ನಾನು ಹಾಲಿನ ಕ್ರೇಟಿನ ಮೇಲೆ ಕೂತು ನೋಡುತ್ತಿದ್ದದ್ದು ಇದನ್ನಲ್ಲ. ಒಂದು ಉಂಡೆ ಮುಗಿದು ಇನ್ನೊಂದು ಶುರುವಾಗುವ ಗಳಿಗೆಗೆ ಕಾಯುತ್ತಿದ್ದೆ. ಹಳೆಯ ದಾರದ ಬಾಲವನ್ನು ಹೊಸ ದಾರದ ತಲೆಗೆ ಅಪ್ಪ ಸೇರಿಸುವುದು ಕಾಣುತ್ತಲೇ ಇರಲಿಲ್ಲ. ಬೆರಳುಗಳು ಒಮ್ಮೆ ಹತ್ತಿರ ಬಂದು ದೂರವಾಗುತ್ತಿದ್ದವು, ಅಷ್ಟೇ. ಗಂಟು ಎಷ್ಟು ಸಣ್ಣದೆಂದರೆ ಡಬ್ಬದ ತೂತಿನಲ್ಲಿ ಸಿಕ್ಕಿಕೊಳ್ಳದೆ ಇಳಿದು ಯಾರದೋ ವಡೆಯ ಜತೆ ಹೋಗಿಬಿಡುತ್ತಿತ್ತು.

ನಡುವೆ ಪ್ಲಾಸ್ಟಿಕ್ ಚೀಲ ಬಂದು ಡಬ್ಬಕ್ಕೆ ಧೂಳು ಹಿಡಿಯಿತು. ಆಮೇಲೆ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು, ದಂಡ ಬಂತು, ಮಾವ ಡಬ್ಬ ಒರೆಸಿ ಮತ್ತೆ ತೂಗುಹಾಕಿಸಿದರು. ಅಂದು ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ್ದು: "ನೋಡು, ನೂಲು ಎಲ್ಲಿಗೂ ಹೋಗಿರ್ಲಿಲ್ಲ. ರಜೆ ಮೇಲೆ ಇತ್ತು."

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಅಪ್ಪನ ಕೈಯಿಂದ ಚೊಂಬು ಬಿತ್ತು. ಚೊಂಬು ಬೀಳುವುದು ದೊಡ್ಡ ಸಂಗತಿಯಲ್ಲ ಎಂದು ಅಮ್ಮ ಒಲೆಯ ಮುಂದಿನಿಂದಲೇ, "ಕಾಲಿಗೆ ಬಿತ್ತಾ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಉಳಿದದ್ದನ್ನು ನೀವು ಬೇರೆ ಮನೆಗಳಲ್ಲಿ ನೋಡಿರುತ್ತೀರಿ. ರಿಕ್ಷಾ, ಆಸ್ಪತ್ರೆ, ಮೆದುಳಿನ ಫೋಟೋ, ಕಾರಿಡಾರಿನ ಕುರ್ಚಿ. ಲಕ್ವ ಎಂಬ ಶಬ್ದವನ್ನು ಅಮ್ಮ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, "ಅದು ಆದ ಮೇಲೆ" ಎನ್ನುತ್ತಾರೆ. ಅದು ಆದ ಮೇಲೆ ಅಪ್ಪನಿಗೆ ಮಾತು ಬಂತು, ಸ್ವಲ್ಪ ನಿಧಾನವಾಗಿ. ಕಾಲು ಬಂತು, ಕೋಲಿನ ಜತೆಗೆ. ಬಲಗೈ ಮಾತ್ರ ಹೊಸ ನೆಂಟರ ಹಾಗೆ ಮಡಿಲ ಮೇಲೆ ಸುಮ್ಮನೆ ಕೂತುಬಿಟ್ಟಿತು.

ಮಾವ ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಅಪ್ಪನೂ ಮಾವನೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯುವವರು, ಇಷ್ಟು ವರ್ಷವೂ ಬಹುವಚನದಲ್ಲೇ ಜಗಳವಾಡಿದವರು. ಟೇಬಲು ನೋಡಿಕೊಳ್ಳುತ್ತಿದ್ದ ಸುರೇಶಣ್ಣನನ್ನು ಪಾರ್ಸಲಿಗೆ ನಿಲ್ಲಿಸಿದ್ದೇನೆ ಎಂದರು ಮಾವ.

"ಕೌಂಟರ್ ನಿಮ್ಮದೇ ಭಾವ. ದೀಪಾವಳಿ ವರೆಗೆ ಅವ ನೋಡ್ಲಿ. ನಿಮಗೆ ಒಂದು ಪಾರ್ಸಲ್ ಕಟ್ಟುವಷ್ಟು ಕೈ ಬಂದ್ರೆ ಸಾಕು, ಬನ್ನಿ."

"ದೀಪಾವಳಿ ಎಂತಕ್ಕೆ, ನವರಾತ್ರಿಗೆ ಬರ್ತೇನೆ" ಎಂದರು ಅಪ್ಪ.

ರೋಗಿಯ ಮುಂದೆ ಜನ ಹೇಳುವ ಮಾತುಗಳಲ್ಲಿ ಅದೂ ಒಂದು ಎಂದು ನಾನು ಮರುಕ್ಷಣ ಮರೆತೆ. ಅಪ್ಪ ಮರೆಯಲಿಲ್ಲ. ಅಂದಿನಿಂದ ಅವರಿಗೆ ಕೈ ಎಂದರೆ ಕೌಂಟರು. ಉಣ್ಣುವುದು, ಅಂಗಿಯ ಗುಂಡಿ ಹಾಕುವುದು, ಬಾಗಿಲ ಚಿಲಕ ತೆಗೆಯುವುದು ಇವೆಲ್ಲ ಆಗದಿದ್ದರೂ ನಡೆಯುತ್ತದೆ, ಒಂದು ಪಾರ್ಸಲು ಕಟ್ಟಲು ಆಗಬೇಕು.

ಫಿಸಿಯೋ ಮೇಡಂ ಕಲ್ಯಾಣದಿಂದ ವಾರಕ್ಕೆ ಎರಡು ಸಲ ಬರುತ್ತಿದ್ದರು. ಮರಾಠಿ ಹೆಂಗಸು, ಬಾಯಿ ಜೋರು. ಅಪ್ಪನ ಕೆಲಸ ಯಾವುದೆಂದು ಕೇಳಿ ತಿಳಿದು, ಒಂದು ಕೆಂಪು ಒಂದು ನೀಲಿ ಹಗ್ಗದ ತುಂಡುಗಳನ್ನು ಮೇಜಿನ ಮೇಲಿಟ್ಟರು. ಎರಡನ್ನೂ ಸೇರಿಸಿ ಕಟ್ಟಬೇಕು. ನೀವು ಹೋಟೆಲಿನಲ್ಲಿ ಹೇಗೆ ಕಟ್ಟುತ್ತಿದ್ದಿರಿ ಎಂದು ಕೇಳಿದರು. ಅಪ್ಪ ಬಹಳ ಹೊತ್ತು ಆ ಹಗ್ಗ ನೋಡಿದರು. ಯಾವ ತುದಿ ಯಾವುದರ ಮೇಲೆ ಎಂದು ಅವರಿಗೆ ನೆನಪಾಗಲಿಲ್ಲ.

"ನಂಗೆಂತ ಗೊತ್ತು" ಎಂದರು ಕೊನೆಗೆ. "ಕೈಗೆ ಗೊತ್ತಿತ್ತು."

ಆ ಮಾತನ್ನು ನಾನು ಮೇಡಂಗೆ ಮರಾಠಿಯಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅವರು ಕೇಳಲೂ ಇಲ್ಲ. "ಉಜವಂ ಡಾವ್ಯಾವರೂನ್, ಮಗ್ ಡಾವಂ ಉಜವ್ಯಾವರೂನ್" ಎಂದು ಎರಡು ಸಲ ಕಟ್ಟಿ ಬಿಚ್ಚಿ ತೋರಿಸಿದರು. ಬಲದ್ದು ಎಡದ ಮೇಲಿಂದ, ಆಮೇಲೆ ಎಡದ್ದು ಬಲದ ಮೇಲಿಂದ. "ಮಗಳೇ, ನೀನು ಕಲಿತುಕೋ, ದಿನಾ ಬೆಳಿಗ್ಗೆ ಅಪ್ಪನಿಂದ ಮಾಡಿಸು" ಎಂದು ನನಗೆ ಒಪ್ಪಿಸಿ ಹೋದರು.

ಹೀಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಎರಡು ಹಗ್ಗ ಸೇರಿಸುವುದನ್ನು ಕಲಿಯಲು ಕೂತೆ. ಕೇಳಿದರೆ ಸುಲಭ ಅನ್ನಿಸುತ್ತದೆ. ನನ್ನ ಕೈಗೆ ಹಾಗೆ ಅನ್ನಿಸಲಿಲ್ಲ. ಗಾಡಿಯಲ್ಲಿ, ಆಫೀಸಿನ ಮೇಜಿನ ಕೆಳಗೆ, ಕ್ಯಾಂಟೀನಿನಲ್ಲಿ ಚಹಾ ಆರುವವರೆಗೆ ಕಟ್ಟಿದೆ. ಮೂರು ದಿನವಾದ ಮೇಲೆ ಬಂತು ಎಂದು ನಂಬಿ, ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಡಿದದ್ದನ್ನು ನಾನೇ ಸೇರಿಸಿದೆ. ಡೊಂಬಿವಲಿಯ ಹಳೆಯ ಫ್ಲ್ಯಾಟುಗಳಲ್ಲಿ ಬಟ್ಟೆ ಹರವಲು ಬೇರೆ ಜಾಗವಿಲ್ಲ. ನಡುಮನೆಯ ಸೂರಿಗೆ ರಾಟೆ ಸಿಕ್ಕಿಸಿ, ಕೊಳವೆಗೆ ಬಟ್ಟೆ ಹಾಕಿ ಹಗ್ಗದಿಂದ ಮೇಲಕ್ಕೆಳೆದು ಕಟ್ಟುತ್ತೇವೆ. ಮಳೆಗಾಲದಲ್ಲಿ ಮನೆಗೆ ಬಂದವರು ಒದ್ದೆ ಪಂಚೆಗಳ ಕೆಳಗೆ ಕೂತೇ ಚಹಾ ಕುಡಿಯಬೇಕು. ಮರುದಿನ ಕೆಳಗೆ ಕೂತವರು ಫಿಸಿಯೋ ಮೇಡಂ. ಗಂಟು ಜಾರಿ ಎರಡು ಟವೆಲು, ಅಪ್ಪನ ಬನಿಯನ್, ಅಮ್ಮನ ಸೀರೆ ಎಲ್ಲವೂ ಅವರ ತಲೆಯ ಮೇಲೆ ಇಳಿದವು.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅದು ಆದ ಮೇಲೆ ಅಪ್ಪ ಮೊದಲ ಸಲ ನಕ್ಕದ್ದು ಅಂದೇ. ಮೇಡಂ ಟವೆಲಿನಿಂದ ಹೊರಬಂದು ಹಗ್ಗದ ತುದಿ ಹಿಡಿದು ನೋಡಿದರು.

"ಹೀ ತುಝೀ ಗಾಠ್ ಕಾ? ಉಜವಂ, ಪರತ್ ಉಜವಂ." ನನ್ನ ಕಡೆ ತಿರುಗಿದರು. "ಡಾವ್ಯಾನಂ ಕಾಯ್ ಪಾಪ್ ಕೇಲಂಯ್?"

ಇದು ನಿನ್ನ ಗಂಟೇ, ಬಲ, ಮತ್ತೆ ಬಲ, ಎಡ ಏನು ಪಾಪ ಮಾಡಿದೆ. ನಾನು ಅಜ್ಜಿಯ ಫೋಟೋ ನೋಡಿದೆ. ಫೋಟೋದಲ್ಲೂ ಅಜ್ಜಿ ಬಲಗೈಯನ್ನು ಎಡಗೈಯ ಮೇಲಿಟ್ಟುಕೊಂಡು ಕೂತಿದ್ದಾರೆ.

ತಪ್ಪು ಎಲ್ಲಿದೆಯೆಂದು ಗೊತ್ತಾದ ಮೇಲೆ ಅಂದೇ ಸರಿ ಗಂಟು ಬಂತು. ಅವಸರದ ಬೆಳಗುಗಳಲ್ಲಿ ಲೇಸಿಗೆ ಮಾತ್ರ ಈಗಲೂ ಹಳೆಯ ಗಂಟೇ ಬೀಳುತ್ತದೆ. ತುದಿಗಳು ತಮ್ಮ ತಮ್ಮ ಹಗ್ಗದ ಜತೆ ಅಂಟಿಕೊಂಡು ಮಲಗಿದರೆ ಸರಿ, ಅಡ್ಡಡ್ಡ ನಿಂತರೆ ತಪ್ಪು. ಕಟ್ಟುತ್ತ ಕಟ್ಟುತ್ತ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬಲದ ತುದಿ ಮೊದಲ ಸಲ ಮೇಲೆ ಹಾಯ್ದು ಎಡಕ್ಕೆ ಹೋಗುತ್ತದೆ. ಎರಡನೆಯ ಸಲ 'ಎಡದ ತುದಿ' ಎಂದು ಮೇಲೆ ಬರುವುದೂ ಅದೇ. ಓಡಾಡುವುದು ಒಂದೇ ತುದಿ. ಇನ್ನೊಂದು ಸುಮ್ಮನೆ ಬಿದ್ದಿದ್ದರೆ ಸಾಕು. ಅಂದರೆ ಬಲಗೈ ಒಂದು ಹಗ್ಗದ ಮೇಲೆ ಭಾರವಾಗಿ ಕೂತಿದ್ದರೆ ಎಡಗೈಯೊಂದೇ ಗಂಟು ಹಾಕಬಲ್ಲದು.

ಅಡುಗೆಮನೆಯಲ್ಲಿ ನನ್ನ ಬಲಗೈಯನ್ನು ಮೇಜಿಗೆ ಒತ್ತಿ ಕಟ್ಟಿ ನೋಡಿದೆ. ಬಂತು. ಅಪ್ಪನ ಮುಂದೆ ಕಟ್ಟಿ ತೋರಿಸಲು ನಾನು ಓಡಿದೆ ಎಂದೇ ಹೇಳಬೇಕು.

ಅಪ್ಪ ಕೊನೆಯವರೆಗೂ ನೋಡಿದರು. ಗಂಟನ್ನು ಎಡಗೈಯಲ್ಲಿ ಎತ್ತಿ, ಎಳೆದು, ಕೆಳಗಿಟ್ಟರು.

"ಗಂಟು ಸರಿ ಉಂಟು. ಎಡಗೈಯಲ್ಲಿ ತಿನ್ನುವ ವಸ್ತು ಕಟ್ಟುದಾ ಮಗಾ?"

"ಬಾಳೆಲೆ ಉಂಟಲ್ಲ ಅಪ್ಪ, ಅದರ ಮೇಲೆ ಪೇಪರ್ ಉಂಟು."

"ಪೇಪರಿಗೆ ಗೊತ್ತಾಗ್ಲಿಕ್ಕಿಲ್ಲ."

ಅಮ್ಮ ಒಳಗಿನಿಂದ ಬಂದರು. "ದೇವರು ಎಡಗೈ ಕೊಟ್ಟದ್ದು ಎಂತಕ್ಕೆ, ಚಂದಕ್ಕಾ?"

"ಎಂತಕ್ಕೆ ಅಂತ ನಿಂಗೂ ಗೊತ್ತುಂಟು" ಎಂದರು ಅಪ್ಪ.

ಅಮ್ಮ ಒಲೆಯ ಕಡೆ ಹೋದರು.

ಆಮೇಲಿನ ವಾರಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ತಾರೀಕು ಬೇಕಾದರೆ ಕೊಡಬಲ್ಲೆ, ನಿಮಗೆ ಬೇಡವೆಂದು ಗೊತ್ತು. ನನ್ನ ದಿನಚರಿಯಲ್ಲಿ ಎರಡು ಕಾಲಮು ಎಳೆದಿದ್ದೆ: ನಿಂತದ್ದು, ಬಿಚ್ಚಿದ್ದು. ಎರಡಕ್ಕೂ ಕೆಲಸ ಬರಲಿಲ್ಲ. ಬಿಚ್ಚಿಕೊಳ್ಳಬೇಕಾದರೂ ಮೊದಲು ಕಟ್ಟಿರಬೇಕಲ್ಲ. ಅಪ್ಪ ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ, ಕೆಂಪು ಹಗ್ಗವನ್ನು ಅದರಲ್ಲಿಟ್ಟು, ಮತ್ತೆ ಒಂದೊಂದಾಗಿ ಮಡಚುತ್ತಿದ್ದರು. ಎಡಗೈ ತೆಗೆದ ಕೂಡಲೇ ಬೆರಳುಗಳು ತೆರೆದುಕೊಳ್ಳುತ್ತಿದ್ದವು. ಹಗ್ಗ ಜಾರಿ ನೆಲಕ್ಕೆ ಬೀಳುತ್ತಿತ್ತು. ನಾನು ಬಗ್ಗಿ ಎತ್ತಿ ಕೊಡುತ್ತಿದ್ದೆ. ಅಪ್ಪ ಮತ್ತೆ ಮೊದಲ ಬೆರಳಿನಿಂದ ಶುರು ಮಾಡುತ್ತಿದ್ದರು. ಇದು ದಿನವೂ ಬೆಳಿಗ್ಗೆ, ನನ್ನ ಗಾಡಿಗೆ ಹೊತ್ತಾಗುವವರೆಗೆ. ನನ್ನ ಗಾಡಿ ಬೇಗ ಬರಲಿ ಎಂದು ನಾನು ಬೇಡಿಕೊಂಡ ದಿನಗಳಿದ್ದವು. ಅವನ್ನು ಎಣಿಸಿಲ್ಲ.

ನವರಾತ್ರಿ ಶುರುವಾದ ದಿನ ಮಾವ ಫೋನು ಮಾಡಿದರು. ಸ್ಪೀಕರಿನಲ್ಲಿ ಹೋಟೆಲಿನ ಸದ್ದು, ಲೋಟಗಳ ಸದ್ದು, ಸುರೇಶಣ್ಣ "ದೋ ಮಸಾಲಾ ಪಾರ್ಸಲ್" ಎಂದು ಕೂಗುವುದು ಎಲ್ಲವೂ ಕೇಳುತ್ತಿತ್ತು.

"ಹೇಗುಂಟು ಭಾವ?"

"ಆಗ್ತಾ ಉಂಟು."

"ಅವಸರ ಇಲ್ಲ, ಆಯ್ತಾ? ಸುರೇಶನಿಗೆ ಈಗ ಅಭ್ಯಾಸ ಆಗಿದೆ."

ಫೋನಿಟ್ಟ ಮೇಲೆ ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಆಮೇಲೆ ಸತ್ತ ಬಲಗೈಯನ್ನು ತಾವೇ ಎತ್ತಿ ನೀಲಿ ಹಗ್ಗದ ಮೇಲಿಟ್ಟರು. ಎಡಗೈಯಲ್ಲಿ ಕೆಂಪು ಹಗ್ಗ ಹಿಡಿದರು. ನನ್ನ ಮುಖ ನೋಡದೆ ಕೇಳಿದರು: "ಯಾವುದು ಮೇಲೆ ಅಂದೆ?"

ಒಂದು ವಾರದಲ್ಲಿ ಬಂತು. ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥವಾಯಿತು ಎನ್ನುವಷ್ಟು ಬೇಗ ಬಂತು. ಹಗ್ಗದಿಂದ ದಾರಕ್ಕೆ ಇಳಿದೆವು. ಗಂಟು ಬಿಗಿಯಲು ಹಲ್ಲಿನಿಂದ ಕಚ್ಚಿ ಎಳೆಯಬಹುದಿತ್ತು, ಅದು ಎಂಜಲಾದೀತು ಎಂದು ಅಪ್ಪ ಮೊಣಕೈಯಲ್ಲಿ ಪೊಟ್ಟಣ ಒತ್ತಿ ಹಿಡಿಯುವುದನ್ನು ತಾವೇ ಕಂಡುಹಿಡಿದರು. ದಾರ ತುಂಡರಿಸಲು ನನ್ನ ತಮ್ಮ ಒಂದು ಹಲಗೆಗೆ ಬ್ಲೇಡು ಸಿಕ್ಕಿಸಿಕೊಟ್ಟ. ಅವನೇ ಗಿರಾಕಿಯೂ ಆದ. ಊಟದ ಮೇಜಿನ ಆಚೆ ನಿಂತು, "ಅಪ್ಪಾ, ದೋ ಇಡ್ಲೀ ಏಕ್ ವಡಾ, ಟ್ರೇನ್ ಛೂಟ್ ಜಾಯೇಗೀ" ಎಂದು ಗಾಡಿ ತಪ್ಪುವವನ ಹಾಗೆ ಮೇಜು ಬಡಿಯುತ್ತಿದ್ದ. ಆ ದಿನಗಳಲ್ಲಿ ನಮ್ಮ ಮನೆಯ ಚಪಾತಿ, ಪಲ್ಯ, ಕೊನೆಗೆ ಮೊಸರನ್ನವೂ ಪೇಪರಿನಲ್ಲಿ ಕಟ್ಟಿಸಿಕೊಂಡೇ ತಟ್ಟೆಗೆ ಬಂತು. ಅಮ್ಮ ದಾರ ಬಿಚ್ಚಿ ಬಿಚ್ಚಿ ಸುಸ್ತಾಗಿ, "ಇವರು ಕಟ್ಟಿದ್ದನ್ನು ಬಿಚ್ಚಲಿಕ್ಕೆ ಒಬ್ಬ ಫಿಸಿಯೋ ಬೇಕು" ಎಂದರು. ನನ್ನ ಮೊದಲ ಕಾಲಮು ಪುಟದ ತುದಿಯವರೆಗೆ ತುಂಬಿತು.

ಅಪ್ಪ ಪಾರ್ಸಲನ್ನು ತಮ್ಮನಿಗೆ ಕೊಡುವ ಕ್ರಮ ಒಂದೇ ನನಗೆ ನೋಡಲಾಗುತ್ತಿರಲಿಲ್ಲ. ಎಡಗೈಯಲ್ಲಿ ಕಟ್ಟಿ, ಎಡಗೈಯಿಂದಲೇ ಬಲಗೈಯನ್ನು ಎತ್ತಿ ತಂದು ಪೊಟ್ಟಣಕ್ಕೆ ಮುಟ್ಟಿಸಿ, ಆಮೇಲೆ ಮುಂದಕ್ಕೆ ತಳ್ಳುತ್ತಿದ್ದರು. ಅದಕ್ಕೆ ಹಿಡಿಯುವ ಹೊತ್ತಿನಲ್ಲಿ ಇನ್ನೆರಡು ಪಾರ್ಸಲು ಕಟ್ಟಬಹುದು. "ಮನೆಯಲ್ಲಿ ನಡೀತದೆ" ಎಂದೆ. "ಅಲ್ಲಿ ಕಷ್ಟ." ಅಪ್ಪ ಕೇಳಿಸದವರ ಹಾಗೆ ದಾರ ಸುತ್ತಿದರು.

ಬಲಿಪಾಡ್ಯಮಿಯ ಮರುದಿನ ಅಪ್ಪನನ್ನು ಕರೆದುಕೊಂಡು ಹೊರಟೆ. ಆಫೀಸಿಗೆ ರಜೆ ಹಾಕಿದ್ದೆ. ಲೋಕಲ್ ಗಾಡಿಯ ಅಂಗವಿಕಲರ ಡಬ್ಬಿಯಲ್ಲಿ ಹತ್ತಿದಾಗ ಅಲ್ಲಿ ದಿನವೂ ಬರುವ ಒಬ್ಬರು ಊರುಗೋಲು ಬದಿಗೆ ಸರಿಸಿ, "ನವೀನ್ ಭರತೀ ಕಾ? ಯಾ, ಬಸಾ" ಎಂದು ಜಾಗ ಕೊಟ್ಟರು. ಹೊಸದಾಗಿ ಸೇರಿದವರೇ ಎಂಬ ಆ ಮಾತಿಗೆ ಅಪ್ಪ ಕೂರಲಿಲ್ಲ. ಇಂದೊಂದು ದಿನಕ್ಕೆ ಹತ್ತಿದವರ ಹಾಗೆ ಥಾಣೆಯವರೆಗೂ ನಿಂತೇ ಬಂದರು.

ಹೋಟೆಲಿನಲ್ಲಿ ಮಾವ ಎದ್ದು ಬಂದು ಕೈ ಹಿಡಿದರು. ಸುರೇಶಣ್ಣ ಕೌಂಟರು ಒರೆಸಿ ಬಿಟ್ಟುಕೊಟ್ಟ. ಮೊದಲ ಗಿರಾಕಿ ಅಪ್ಪನನ್ನು ವರ್ಷಗಳಿಂದ ಬಲ್ಲ ಮುದುಕಿ, ಪಕ್ಕದ ಗಲ್ಲಿಯವರು. "ಆಲಾತ್ ಕಾ ಅಣ್ಣಾ? ಬರಂ ಝಾಲಂ", ಬಂದದ್ದು ಒಳ್ಳೆಯದಾಯಿತು ಎಂದರು. ಅಪ್ಪ ಇಡ್ಲಿ ಕಟ್ಟಿದರು. ದಾರ ಹಾಯಿತು, ಗಂಟು ಬಿತ್ತು, ನಿಂತಿತು. ಆಗ ಅಪ್ಪ, ಹಿಂದೆ ನಿಂತ ಸಾಲು ನೋಡಿಯೋ ಏನೋ, ಬಲಗೈಯನ್ನು ಎತ್ತಿ ತರಲಿಲ್ಲ. ಎಡಗೈಯಲ್ಲೇ ಎತ್ತಿ ಕೊಟ್ಟುಬಿಟ್ಟರು.

ಮುದುಕಿ ಗಮನಿಸಲೂ ಇಲ್ಲ. ತೆಗೆದುಕೊಂಡು ಹೋದರು. ಕ್ಯಾಶಿನಿಂದ ಮಾವ ತಗ್ಗಿದ ದನಿಯಲ್ಲಿ, "ಭಾವ, ಎಡಗೈಯಲ್ಲಿ ಕೊಡ್ಬೇಡಿ. ಕೌಂಟರ್ ಮೇಲೆ ಇಟ್ಬಿಡಿ, ಅವರೇ ತಗೊಳ್ತಾರೆ" ಎಂದರು.

ಮಾವನ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಆ ಜಾಗದಲ್ಲಿ ಅಪ್ಪನಿದ್ದಿದ್ದರೂ ಅದನ್ನೇ ಹೇಳುತ್ತಿದ್ದರು. ಅಪ್ಪನ ಕಿವಿ ಕೆಂಪಾಯಿತು. ಅಲ್ಲಿಂದ ಮುಂದೆ ಪೊಟ್ಟಣಗಳನ್ನು ಕೌಂಟರಿನ ಮೇಲಿಟ್ಟರು. ಮನೆಮನೆಗೆ ತಲುಪಿಸುವ ಹುಡುಗರು ಫೋನು ನೋಡುತ್ತ ಬಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಯಾರದೋ ಉತ್ತಪ್ಪ ಯಾರಿಗೋ ಹೋಯಿತು. ಫೋನು ಬಂತು, ಬೈಗುಳ ಬಂತು. "ಅಣ್ಣ, ನೀವು ಕಟ್ಟಿ, ನಾನು ಕೊಡ್ತೇನೆ" ಎಂದು ಸುರೇಶಣ್ಣ ಪಕ್ಕಕ್ಕೆ ಬಂದ. ಹನ್ನೆರಡರ ಹೊತ್ತಿಗೆ ಕಟ್ಟುತ್ತಿದ್ದವನೂ ಅವನೇ, ಕೊಡುತ್ತಿದ್ದವನೂ ಅವನೇ. ಅಪ್ಪ ದಾರದ ಡಬ್ಬದ ಕೆಳಗೆ ನಿಂತಿದ್ದರು. ದಾರ ಅವರ ಮುಖದ ಮುಂದಿನಿಂದ ಇಳಿದು ಇನ್ನೊಬ್ಬನ ಕೈಗೆ ಹೋಗುತ್ತಿತ್ತು.

ಊಟದ ಗಡಿಬಿಡಿ ಇಳಿದ ಮೇಲೆ ಮಾವ ಬಂದರು. "ಭಾವ, ನನಗೆ ಒಂದು ಉಪಕಾರ ಆಗ್ಬೇಕು" ಎಂದರು. ಉಗ್ರಾಣದಲ್ಲಿ ಒಂದು ಗೋಣಿಚೀಲದ ತುಂಬ ದಾರದ ತುಂಡುಗಳಿದ್ದವು. ಬಾಳೆಲೆಯ ಕಟ್ಟು ಬಿಚ್ಚಿದ್ದು, ಪೇಪರಿನ ಕಟ್ಟು ಬಿಚ್ಚಿದ್ದು, ಎಸೆಯಲು ಮನಸ್ಸಾಗದೆ ತುಂಬಿಸಿಟ್ಟದ್ದು. "ಇದನ್ನೆಲ್ಲ ಸೇರಿಸಿ ಉಂಡೆ ಮಾಡಿದ್ರೆ ಹೊಸ ದಾರ ತರುದೇ ಬೇಡ. ಈ ಗಂಟು ನಿಮಗೆ ಬಿಟ್ರೆ ಯಾರಿಗೂ ಬರುದಿಲ್ಲ." ಅಪ್ಪ ಚೀಲದೊಳಗೆ ಕೈ ಹಾಕಿ ನೋಡಿದರು. "ಆಗ್ತದೆ" ಎಂದರು.

ತೆಂಗಿನಕಾಯಿಯ ರಾಶಿಯ ಪಕ್ಕ ಅವರಿಗೊಂದು ಕುರ್ಚಿ, ಸಣ್ಣ ಮೇಜು. ಅಂದಿನಿಂದ ಬೆಳಿಗ್ಗೆ ನಾನು ಅವರನ್ನು ಅಲ್ಲಿ ಬಿಟ್ಟು ಸೀವುಡ್ಸಿಗೆ ಹೋಗುವುದು, ಸಂಜೆ ಬರುವಾಗ ಕರೆದುಕೊಳ್ಳುವುದು. ಸಂಜೆ ಅಪ್ಪ ಹೊಸ ಉಂಡೆ ತೋರಿಸುತ್ತಿದ್ದರು. ನಡುವಿನಿಂದ ಒಂದು ಗಂಟು ಆರಿಸಿ, "ಎಳೆ" ಎನ್ನುತ್ತಿದ್ದರು. ನಾನು ಎರಡೂ ಕೈಯಲ್ಲಿ ಎಳೆಯುತ್ತಿದ್ದೆ. ಜಾರುತ್ತಿರಲಿಲ್ಲ. ಅವರ ಮುಖ ಅರಳುವುದಿರಲಿ, ಬದಲಾಗುತ್ತಲೂ ಇರಲಿಲ್ಲ. ನಿಂತಿದೆ ಎಂದು ತಲೆಯಾಡಿಸಿ ಕೋಲು ಎತ್ತಿಕೊಳ್ಳುತ್ತಿದ್ದರು. ಇಷ್ಟು ಕೆಲಸ ಆಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಎಣಿಸುವವರ ರೋಗ ಅದು.

ಎಣಿಸುವವಳಾದ್ದರಿಂದಲೇ ನನಗೆ ಅನುಮಾನ ಬಂತು. ಒಂದು ಚೀಲ ದಾರ ಇಷ್ಟು ವಾರ ಬರಬಾರದು. ಹೋದ ಗುರುವಾರ ಅಪ್ಪ ಮುಖ ತೊಳೆಯಲು ಹೋದಾಗ ಕ್ಯಾಶಿನ ಹತ್ತಿರ ನಿಂತು ಮಾವನನ್ನು ಕೇಳಿದೆ.

"ಮಾವ, ಅಪ್ಪ ಮಾಡಿದ ಉಂಡೆ ಪಾರ್ಸಲಿಗೆ ಬಳಸ್ತೀರಾ?"

ಮಾವ ಚಿಲ್ಲರೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಹೇಗೆ ಬಳಸುದು ಮಾರಾಯ್ತಿ? ಗೇಣಿಗೊಂದು ಗಂಟು. ಡಬ್ಬದ ತೂತಿನಲ್ಲಿ ಸಿಕ್ಕಿಬೀಳ್ತದೆ."

"ಮತ್ತೆ?"

"ನೀವು ಹೋದ ಮೇಲೆ ಸುರೇಶ ಕತ್ತರಿಯಲ್ಲಿ ತುಂಡು ಮಾಡಿ ಚೀಲಕ್ಕೆ ಹಾಕ್ತಾನೆ." ಆಗ ತಲೆಯೆತ್ತಿದರು. ಅವರ ಕಣ್ಣು ಒದ್ದೆಯಾಗಿತ್ತು. "ಇಲ್ಲದಿದ್ರೆ ಮರುದಿನ ಅವರು ಬಂದು ಎಂತ ಮಾಡುದು ಹೇಳು. ಭಾವನಿಗೆ ಹೊತ್ತು ಹೋಗ್ಲಿ ಅಂತ ಅಷ್ಟೇ."

ಅಪ್ಪ ಮುಖ ಒರೆಸುತ್ತ ಬಂದರು. ಮಾವ, "ಇವತ್ತು ಜಾಸ್ತಿ ಆಯ್ತಲ್ಲ ಭಾವ, ಭಾರೀ ದೊಡ್ಡ ಉಂಡೆ" ಎಂದರು. ಅಪ್ಪ ನಕ್ಕರು.

ಹೇಳಬೇಕೆ, ಬೇಡವೆ ಎಂದು ತೂಗಿ ತೂಗಿ ಸೇತುವೆ ದಾಟಿದ್ದೂ ಗೊತ್ತಾಗಲಿಲ್ಲ. ಹೇಳಿದರೆ ನಾಳೆಯಿಂದ ಅಪ್ಪ ಮನೆಯಲ್ಲಿ ಕಿಟಕಿಯ ಮುಂದೆ ಕೂರಬೇಕು. ಹೇಳದಿದ್ದರೆ ದಿನವೂ ಸಂಜೆ ನಾನು ಆ ಗಂಟು ಎಳೆದು ನೋಡಿ, ನಿಂತಿದೆ ಎನ್ನಬೇಕು. ಅಂಗವಿಕಲರ ಡಬ್ಬಿಯಲ್ಲಿ ಅಂದು ಅಷ್ಟು ಜನ ಇರಲಿಲ್ಲ. ಅಪ್ಪ ಈಗ ಅಲ್ಲಿ ಕೂರುತ್ತಾರೆ. ಮುಂಬ್ರಾ ದಾಟಿದ ಮೇಲೆ ಅವರು ಅಂಗಿಯ ಜೇಬಿನಿಂದ ಒಂದು ಗೇಣು ದಾರ ತೆಗೆದು ನನ್ನ ತೊಡೆಯ ಮೇಲಿಟ್ಟರು. ಅದರ ನಡುವೆ ಒಂದು ಗಂಟಿತ್ತು.

"ಇದು ಎಂತ ಹೇಳು?"

"ಗಂಟು."

"ನಂದು. ಶುರುವಿನ ದಿನಗಳದ್ದು. ಆಗ ನಾನು ತುದಿ ಉದ್ದ ಬಿಡ್ತಿದ್ದೆ, ನೋಡು." ಬೆರಳಿನಿಂದ ತೋರಿಸಿದರು. "ಚೀಲದಲ್ಲಿ ಸಿಕ್ತು. ಎರಡೂ ಕಡೆ ಕತ್ತರಿ ಬಿದ್ದದ್ದು ಉಂಟು. ಹೀಗಿದ್ದು ತುಂಬ ಉಂಟು."

ನಾನು ಕತ್ತರಿ ಬಿದ್ದ ತುದಿಗಳನ್ನು ಬೆರಳಿನಿಂದ ಮುಟ್ಟಿದೆ.

"ನಿಂಗೆ ಗೊತ್ತಿತ್ತಾ?"

"ಇವತ್ತು ಗೊತ್ತಾಯ್ತು ಅಪ್ಪ. ನಿಮಗೆ?"

"ಎರಡನೇ ವಾರದಲ್ಲೇ."

ಗಾಡಿ ದಿವಾದಲ್ಲಿ ನಿಂತು ಹೊರಟಿತು. ಎಷ್ಟು ಸಂಜೆ ಈ ಮನುಷ್ಯ ನನ್ನ ಕೈಗೆ ಉಂಡೆ ಕೊಟ್ಟು "ಎಳೆ" ಅಂದಿದ್ದಾರೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

"ಹಾಗಾದ್ರೆ ನಾಳೆಯಿಂದ ಬೇಡ ಅಲ್ವಾ ಅಪ್ಪ?"

"ಭಾವನಿಗೆ ಹೇಳ್ಬೇಡ" ಎಂದರು ಅಪ್ಪ, ನಾನು ಕೇಳಿದ್ದಕ್ಕೆ ಉತ್ತರವಾಗಿ ಅಲ್ಲ. "ನಂಗೆ ಗೊತ್ತಾಗಿದೆ ಅಂತ ಗೊತ್ತಾದ್ರೆ ಅವರಿಗೆ ನನ್ನ ಮುಖ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ. ಒಳ್ಳೆಯವರು."

ಡೊಂಬಿವಲಿ ಬಂತು. ನಾನು ಕೋಲು ಕೊಟ್ಟೆ. ಅಪ್ಪ ನನ್ನ ತೊಡೆಯ ಮೇಲಿನ ದಾರವನ್ನು ಎತ್ತಿ, ಮಡಚಿ, ಮತ್ತೆ ಜೇಬಿಗೆ ಹಾಕಿಕೊಂಡರು.

"ನಾಳೆ ಇದನ್ನು ಚೀಲಕ್ಕೆ ಹಾಕ್ಬೇಕು" ಎಂದರು. "ಮೊದಲೇ ಮಧ್ಯಾಹ್ನದ ಮೇಲೆ ತುಂಡು ಕಮ್ಮಿ ಬೀಳ್ತದೆ."